ಸಂದೇಹ–ಸಮಾಧಾನ: ದೀಪ, ಏಕಾದಶಿ, ತೀರ್ಥ

ಪ್ರಶ್ನೆ: ದೇವರ ಮುಂದೆ ಹಚ್ಚಿದ ದೀಪ ಎಣ್ಣೆಯಿದ್ದರೂ ಅರ್ಧ ಗಂಟೆಯಲ್ಲಿ ಶಾಂತವಾಗುತ್ತಿದೆ. ಅಪಶಕುನವೆಂದು ಅತ್ತೆಯವರು ಬೇಸರ ಮಾಡಿಕೊಂಡಿದ್ದಾರೆ. ಇದಕ್ಕೆ ಪರಿಹಾರವೇನು? – ಗೃಹಿಣಿ, ಹಾಸನ

ಶಕುನ ನೋಡುವ ಮೊದಲು ಬತ್ತಿ ನೋಡಿ. ಬತ್ತಿ ದಪ್ಪವಾಗಿದ್ದು ಬಿಗಿಯಾಗಿ ಹೊಸೆದಿದ್ದರೆ ಎಣ್ಣೆ ತುದಿಯವರೆಗೆ ಏರುವುದಿಲ್ಲ. ತುದಿ ತಾನೇ ಸುಟ್ಟು ಕರಿಕಟ್ಟಿ ನಿಲ್ಲುತ್ತದೆ. ಎರಡೆಳೆ ಸೇರಿಸಿ ಸಡಿಲವಾಗಿ ಹೊಸೆದ ಹತ್ತಿಯ ಬತ್ತಿ ಸಾಕು. ಹಚ್ಚುವ ಮೊದಲು ಅದನ್ನು ಪೂರ್ತಿ ಎಣ್ಣೆಯಲ್ಲಿ ನೆನೆಸಿ, ಅಂಚಿನಿಂದ ಅರ್ಧ ಉಗುರಿನಷ್ಟು ಮಾತ್ರ ಹೊರಗೆ ಚಾಚಿ. ಹೆಚ್ಚು ಚಾಚಿದರೆ ಉರಿ ದೊಡ್ಡದಾಗಿ ಮಸಿ ಹಿಡಿಯುತ್ತದೆ.

ಚಟಚಟ ಸದ್ದು ಬಂದು ಆರುತ್ತಿದ್ದರೆ ಅದು ನೀರಿನ ಪಸೆ. ತೊಳೆದ ದೀಪವನ್ನು ಬಟ್ಟೆಯಲ್ಲಿ ಒರೆಸಿ ತಕ್ಷಣ ಎಣ್ಣೆ ಹಾಕಿದರೆ ಹೀಗಾಗುತ್ತದೆ, ಬಿಸಿಲಲ್ಲಿ ಒಣಗಿಸಿಯೇ ಬಳಸಿ. ಹಳೆ ಎಣ್ಣೆಯ ಮೇಲೆ ದಿನವೂ ಹೊಸ ಎಣ್ಣೆ ಸುರಿಯುತ್ತಾ ಬಂದರೆ ತಳದಲ್ಲಿ ಅಂಟಂಟಾದ ಜಿಡ್ಡು ಕೂತು ಬತ್ತಿಯ ಬುಡವನ್ನೇ ಕಟ್ಟಿಬಿಡುತ್ತದೆ. ವಾರಕ್ಕೊಮ್ಮೆ ಬಿಸಿನೀರು, ಸೀಗೆಪುಡಿಯಲ್ಲಿ ತಿಕ್ಕಿ. ತುಪ್ಪದ ದೀಪವಾದರೆ ಚಳಿಗೆ ತುಪ್ಪ ಗಟ್ಟಿಯಾಗುವುದೂ ಒಂದು ಕಾರಣ, ಕರಗಿಸಿ ಹಾಕಬೇಕು.

ಅಂಗಡಿಯ ಸಿದ್ಧ ಬತ್ತಿಗಳಲ್ಲಿ ಕೃತಕ ನೂಲು ಬೆರೆತಿರುವುದುಂಟು. ಒಂದನ್ನು ಒಣದಾಗಿಯೇ ಸುಟ್ಟು ನೋಡಿ: ಹತ್ತಿಯಾದರೆ ಬೂದಿಯಾಗುತ್ತದೆ, ಕೃತಕವಾದರೆ ಕರಗಿ ಗಟ್ಟಿ ಗುಂಡಾಗಿ ಉಳಿಯುತ್ತದೆ.

ನಡುವೆ ಆರಿದರೆ ಬತ್ತಿಯ ಕರಿ ತೆಗೆದು ಮತ್ತೆ ಹಚ್ಚಿ, ಪೂಜೆ ಮುಂದುವರಿಸಿ. ಅಷ್ಟೇ ಪರಿಹಾರ. ಫ್ಯಾನ್ ಆರಿಸುವುದನ್ನೂ ಮರೆಯಬೇಡಿ!

ಪ್ರಶ್ನೆ: ನಮ್ಮ ಮನೆಯಲ್ಲಿ ಒಂದು ದಿನ ಏಕಾದಶಿ, ಎದುರು ಮನೆಯವರಿಗೆ ಮರುದಿನ. ಯಾರದು ಸರಿ? ಪಾರಣೆಯ (ಉಪವಾಸ ಬಿಡುವ) ಹೊತ್ತು ಲೆಕ್ಕ ಹಾಕುವುದು ಹೇಗೆ? – ನಿವೃತ್ತ ಶಿಕ್ಷಕರು, ಧಾರವಾಡ

ಇಬ್ಬರದೂ ಸರಿ. ಚಂದ್ರನು ಸೂರ್ಯನಿಂದ 12 ಡಿಗ್ರಿ ದೂರ ಸರಿಯಲು ಹಿಡಿಯುವ ಕಾಲ ಒಂದು ತಿಥಿ. ಚಂದ್ರನ ವೇಗ ಏರಿಳಿಯುವುದರಿಂದ ಅದು ಸುಮಾರು 20ರಿಂದ 26 ಗಂಟೆಯವರೆಗೂ ಇರಬಹುದು. ನಡುರಾತ್ರಿಗೂ ಶುರುವಾಗುತ್ತದೆ, ಮಧ್ಯಾಹ್ನಕ್ಕೂ ಮುಗಿಯುತ್ತದೆ. ಹಾಗಾಗಿ ಯಾವ ದಿನವನ್ನು ಉಪವಾಸಕ್ಕೆ ಹಿಡಿಯಬೇಕೆಂಬ ನಿಯಮ ಬೇಕಾಗುತ್ತದೆ, ಆ ನಿಯಮ ಸಂಪ್ರದಾಯದಿಂದ ಸಂಪ್ರದಾಯಕ್ಕೆ ಬೇರೆ.

ಸ್ಮಾರ್ತರು ಸಾಮಾನ್ಯವಾಗಿ ಸೂರ್ಯೋದಯಕ್ಕೆ ಏಕಾದಶಿ ಇದೆಯೇ ಎಂದು ನೋಡುತ್ತಾರೆ. ವೈಷ್ಣವರು ಅರುಣೋದಯ ನೋಡುತ್ತಾರೆ, ಅಂದರೆ ಸೂರ್ಯೋದಯಕ್ಕೆ 4 ಘಳಿಗೆ ಮುಂಚೆ. ಒಂದು ಘಳಿಗೆಗೆ 24 ನಿಮಿಷ, ನಾಲ್ಕಕ್ಕೆ 96 ನಿಮಿಷ. ಆ ಹೊತ್ತಿಗೆ ದಶಮಿ ಇನ್ನೂ ಉಳಿದಿದ್ದರೆ ಅದು ದಶಮೀವಿದ್ಧ ಏಕಾದಶಿ, ಅವರಿಗೆ ತ್ಯಾಜ್ಯ.

ಲೆಕ್ಕ ಹಾಕಿ ನೋಡಿ. ಸೂರ್ಯೋದಯ 6.20 ಎಂದಿಟ್ಟುಕೊಳ್ಳಿ. ಅರುಣೋದಯ 4.44ಕ್ಕೆ. ದಶಮಿ 5.10ಕ್ಕೆ ಮುಗಿಯುತ್ತದೆ. ಸೂರ್ಯೋದಯಕ್ಕೆ ಏಕಾದಶಿ ಬಂದಿರುವುದರಿಂದ ಸ್ಮಾರ್ತರಿಗೆ ಅಂದೇ ಉಪವಾಸ. ಅರುಣೋದಯಕ್ಕೆ ದಶಮಿ ತಗುಲಿರುವುದರಿಂದ ವೈಷ್ಣವರಿಗೆ ಮರುದಿನ. ಇದಲ್ಲದೆ ಹಳೆಯ ಸೂರ್ಯಸಿದ್ಧಾಂತ ಗ್ರಂಥದ ಲೆಕ್ಕದ ಪಂಚಾಂಗಕ್ಕೂ, ಆಕಾಶದಲ್ಲಿ ಕಾಣುವ ಸ್ಥಾನಕ್ಕೆ ಹೊಂದುವ ದೃಗ್ಗಣಿತದ ಪಂಚಾಂಗಕ್ಕೂ ತಿಥಿಯ ಅಂತ್ಯದಲ್ಲಿ ಕೆಲವು ಗಂಟೆಗಳ ಅಂತರ ಬರುವುದುಂಟು. ಮನೆತನದ ಪಂಚಾಂಗ ಒಂದನ್ನು ಹಿಡಿದು ವರ್ಷವಿಡೀ ಅದರಂತೆ ನಡೆಯುವುದು ಒಳ್ಳೆಯದು. ಅನುಕೂಲವಾದ ದಿನಕ್ಕೆ ಅನುಕೂಲವಾದ ಪಂಚಾಂಗ ಎಂಬುದು ವ್ರತವಲ್ಲ.

ಪಾರಣೆ ದ್ವಾದಶಿ ಮುಗಿಯುವುದರೊಳಗೆ ಆಗಬೇಕು. ದ್ವಾದಶಿಯ ಮೊದಲ ಕಾಲುಭಾಗ ಹರಿವಾಸರ, ಅದರಲ್ಲಿ ಪಾರಣೆಯಿಲ್ಲ. ಬೆಳಗಿನ ಜಾವ 4ಕ್ಕೆ ದ್ವಾದಶಿ ಬಂದು 24 ಗಂಟೆ ಇದ್ದರೆ ಹರಿವಾಸರ 10ರವರೆಗೆ, ಪಾರಣೆ ಆಮೇಲೆ. ಇದಕ್ಕೆ ತದ್ವಿರುದ್ಧವಾದುದು ಸಾಧನ ದ್ವಾದಶಿ: ಸೂರ್ಯೋದಯದ ನಂತರ ದ್ವಾದಶಿ ಅರ್ಧ ಮುಕ್ಕಾಲು ಗಂಟೆ ಮಾತ್ರ ಉಳಿದಿರುತ್ತದೆ. ಆಗ ಅಡುಗೆ ಕೊನೆಗಾಣುವವರೆಗೆ ಕಾಯುತ್ತಾ ಕೂತವರು ದ್ವಾದಶಿಯನ್ನೇ ಕಳೆದುಕೊಳ್ಳುತ್ತಾರೆ. ಹಿಂದಿನ ರಾತ್ರಿಯೇ ತರಕಾರಿ ಹೆಚ್ಚಿಟ್ಟು, ಬೆಳಗಿನ ಜಾವ ಒಲೆ ಹಚ್ಚಿ. ಆಗಲೂ ಹೊತ್ತು ಮೀರುವಂತಿದ್ದರೆ ತುಳಸಿ ತೀರ್ಥ ಸೇವಿಸಿದರೂ ಪಾರಣೆಯಾಯಿತು, ಊಟ ನಿಧಾನವಾಗಿ ಮಾಡಬಹುದು. ಅಗಸೆ ಸೊಪ್ಪು, ನೆಲ್ಲಿಕಾಯಿ ಸಿಕ್ಕಿದರೆ ಎಲೆಗೆ ಬಡಿಸಿ.

ಪ್ರಶ್ನೆ: ತಾಮ್ರದ ಬಟ್ಟಲಿನ ಪಂಚಾಮೃತ ಸ್ವಲ್ಪ ಹೊತ್ತಿಗೇ ಒಗರಾಯಿತು. ತೀರ್ಥಕ್ಕೆ ಕರ್ಪೂರ ಹಾಕಬಹುದೇ? – ಓದುಗರು, ಶಿರಸಿ

ತಾಮ್ರ ನೀರಿಗೆ ಸರಿ, ಮೊಸರಿಗಲ್ಲ. ಹುಳಿ ತಗುಲಿದ ತಾಮ್ರ ಕಿಲುಬು ಬಿಡುತ್ತದೆ, ಒಗರು ಅದೇ. ವಾಂತಿ, ಹೊಟ್ಟೆನೋವು ಬರಬಹುದು. ತುಪ್ಪವೊಂದನ್ನು ಬಿಟ್ಟು ಹಾಲು, ಮೊಸರಿನಂಥ ಗವ್ಯಗಳನ್ನು, ಜೇನನ್ನು ತಾಮ್ರದಲ್ಲಿಟ್ಟರೆ ಮದ್ಯಕ್ಕೆ ಸಮಾನವೆಂದು, ಎಳನೀರನ್ನು ಕಂಚಿನಲ್ಲಿಟ್ಟರೂ ಹಾಗೆಯೇ ಎಂದು ಶಾಸ್ತ್ರವಚನವೇ ಇದೆ. ಬೆಳ್ಳಿಯಲ್ಲೋ ಸ್ಟೀಲಿನಲ್ಲೋ ಕಲಸಿ.

ಅಳತೆ: ಹಾಲು ಒಂದು ಲೋಟ, ಮೊಸರು ಕಾಲು ಲೋಟ, ಜೇನು ಎರಡು ಚಮಚ, ಸಕ್ಕರೆ ಎರಡು ಚಮಚ, ತುಪ್ಪ ಒಂದು ಚಮಚ. ತುಪ್ಪ–ಜೇನು ಸಮತೂಕದಲ್ಲಿ ಬೆರೆಸಬಾರದೆಂಬುದು ಆಯುರ್ವೇದದ ಮಾತು. ಅಭಿಷೇಕದಲ್ಲಿ ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ ಎಂಬ ಕ್ರಮ, ಪ್ರತಿಯೊಂದರ ನಂತರ ಶುದ್ಧೋದಕ, ಅಂದರೆ ಶುದ್ಧ ನೀರು. ತುಪ್ಪದ ನಂತರದ ನೀರು ಉಗುರುಬೆಚ್ಚಗಿರಲಿ, ಇಲ್ಲದಿದ್ದರೆ ವಿಗ್ರಹದ ಸಂದುಗೊಂದುಗಳಲ್ಲಿ ತುಪ್ಪ ಹೆಪ್ಪುಗಟ್ಟಿ ಕಪ್ಪಾಗುತ್ತದೆ.

ಆರತಿಯ ಕರ್ಪೂರವನ್ನು ತೀರ್ಥಕ್ಕೆ ಖಂಡಿತ ಹಾಕಬೇಡಿ. ಅದು ತಿನ್ನುವ ವಸ್ತುವಲ್ಲ, ಮಕ್ಕಳ ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು. ತೀರ್ಥಕ್ಕೆ ಹಾಕುವುದು ಪಚ್ಚಕರ್ಪೂರ, ಅದೂ ಒಂದು ಚೊಂಬು ನೀರಿಗೆ ಸಾಸಿವೆ ಕಾಳಿನಷ್ಟು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಅದೂ ಬೇಡ, ತುಳಸಿದಳ, ಏಲಕ್ಕಿ ಸಾಕು.

ಪ್ರಶ್ನೆ: ಸೋಮವಾರ ಬಿಲ್ವ ಕೀಳಬಾರದಂತೆ. ಶಿವಪೂಜೆಗೆ ಏನು ಮಾಡಲಿ? – ಓದುಗರು, ತುಮಕೂರು

ಭಾನುವಾರವೇ ಕಿತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಚತುರ್ಥಿ, ಅಷ್ಟಮಿ, ನವಮಿ, ಚತುರ್ದಶಿ, ಅಮಾವಾಸ್ಯೆ, ಸಂಕ್ರಮಣಗಳಿಗೂ ಇದೇ ದಾರಿ. ಬಿಲ್ವಕ್ಕೆ ಹಳಸಿನ ದೋಷವಿಲ್ಲ, ಏನೂ ಸಿಗದಾಗ ಏರಿಸಿದ್ದನ್ನೇ ತೊಳೆದು ಮತ್ತೆ ಏರಿಸಬಹುದು. ಮೂರೂ ದಳ ಇಡಿಯಾಗಿರಲಿ, ತೊಟ್ಟಿನ ಕೊನೆಯ ಗಂಟು ಚಿವುಟಿ, ನಯವಾದ ಮೇಲ್ಮೈ ಲಿಂಗಕ್ಕೆ ತಾಗುವಂತೆ ಮಗುಚಿ ಇಡಿ.

ಪ್ರಶ್ನೆ: ವ್ರತದ ಕಲಶದ ತೆಂಗಿನಕಾಯಿ ಒಡೆದಾಗ ಕೊಳೆತಿತ್ತು. ಮತ್ತೆ ಪೂಜೆ ಮಾಡಬೇಕೇ? – ಗೃಹಿಣಿ, ಮಂಡ್ಯ

ಬೇಡ. ಕಾಯಿ ತರುವಾಗಲೇ ಹಳೆಯದಾಗಿತ್ತು, ಅಷ್ಟೇ. ಕಿವಿಯ ಬಳಿ ಅಲ್ಲಾಡಿಸಿದಾಗ ನೀರಿನ ಸದ್ದು ಕೇಳಬೇಕು, ಕಣ್ಣುಗಳ ಸುತ್ತ ಪಸೆಯಾಗಲಿ ಬೂಸ್ಟಾಗಲಿ ಇರಬಾರದು. ಕಲಶಕ್ಕೆ ಮುಕ್ಕಾಲು ಮಾತ್ರ ನೀರು ತುಂಬಿ. ಕಾಯಿಯ ಬುಡ ನೀರಿಗೆ ತಾಗಿ ಎರಡು ಮೂರು ದಿನ ಕೂತರೆ ಒಳ್ಳೆಯ ಕಾಯಿಯೂ ಕೆಡುತ್ತದೆ. ಕೊಳೆತದ್ದನ್ನು ಗಿಡದ ಬುಡಕ್ಕೆ ಹಾಕಿ, ನೈವೇದ್ಯಕ್ಕೆ ಇನ್ನೊಂದು ಕಾಯಿ ಒಡೆಯಿರಿ. ಮೊಳಕೆ ಬಂದಿದ್ದರೆ ಒಡೆಯಲೇಬೇಡಿ, ಜಾಗವಿದ್ದರೆ ನೆಡಿ.