ಎರಡು ಫಂಕ್ಷನ್‌ಗಳ ಎಲ್ಲ ಮೌಲ್ಯಗಳನ್ನೂ ಮೂರನೆಯದಕ್ಕೆ ಕೊಡುವುದು ಹೇಗೆ?

ಪ್ರಶ್ನೆ: ಲುವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾನು ಬರೆದಿರುವ ಸ್ಥಾನ() ಎಂಬ ಫಂಕ್ಷನ್ 10 ಮತ್ತು 20 ಎಂಬ ಎರಡು ಮೌಲ್ಯಗಳನ್ನೂ, ಅಳತೆ() ಎಂಬುದು 300 ಮತ್ತು 200 ಎಂಬ ಎರಡು ಮೌಲ್ಯಗಳನ್ನೂ ರಿಟರ್ನ್ ಮಾಡುತ್ತವೆ. ಚಿತ್ರಿಸು(ಸ್ಥಾನ(), ಅಳತೆ()) ಎಂದು ಕರೆದರೆ ನಾಲ್ಕನೆಯ ಆರ್ಗ್ಯುಮೆಂಟ್ (ಫಂಕ್ಷನ್‌ಗೆ ಕೊಡುವ ಮೌಲ್ಯ) ನಿಲ್, ಅಂದರೆ ಖಾಲಿ, ಆಗಿದೆ ಎಂಬ ಎರರ್ ಬರುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ಪ್ರಿಂಟ್ ಮಾಡಿದರೆ ಎಲ್ಲ ಮೌಲ್ಯಗಳೂ ಸರಿಯಾಗಿ ಕಾಣುತ್ತವೆ. ತಪ್ಪು ಎಲ್ಲಿದೆ?

ಉತ್ತರ: ನಿಮ್ಮ ಎರಡೂ ಫಂಕ್ಷನ್‌ಗಳು ಸರಿಯಾಗಿವೆ, ತೊಂದರೆ ಇರುವುದು ಅವನ್ನು ಕರೆದ ಜಾಗದಲ್ಲಿ. ಆರ್ಗ್ಯುಮೆಂಟ್‌ಗಳ ಪಟ್ಟಿಯಲ್ಲಿ ಕಟ್ಟಕಡೆಗೆ ಬರುವ ಫಂಕ್ಷನ್ ಕರೆ ಮಾತ್ರ ತನ್ನ ಎಲ್ಲ ಮೌಲ್ಯಗಳನ್ನೂ ಕೊಡುತ್ತದೆ. ಅದಕ್ಕಿಂತ ಮುಂಚೆ ಬರುವ ಪ್ರತಿ ಕರೆಯೂ ಒಂದೇ ಮೌಲ್ಯಕ್ಕೆ ಇಳಿಯುತ್ತದೆ, ಏನನ್ನೂ ರಿಟರ್ನ್ ಮಾಡದ ಕರೆಯಾದರೆ ಅದರ ಜಾಗದಲ್ಲಿ ನಿಲ್ ಕೂರುತ್ತದೆ. ಆದ್ದರಿಂದ ನಿಮ್ಮ ಚಿತ್ರಿಸು ಫಂಕ್ಷನ್‌ಗೆ ತಲುಪಿದ್ದು 10, 300, 200 ಎಂಬ ಮೂರೇ ಮೌಲ್ಯಗಳು. ನಾಲ್ಕನೆಯದು ಇಲ್ಲವಾದದ್ದಷ್ಟೇ ಅಲ್ಲ, ಎರಡನೆಯದೂ ಮೂರನೆಯದೂ ತಪ್ಪು ಜಾಗಕ್ಕೆ ಹೋಗಿವೆ ಎಂಬುದನ್ನು ಗಮನಿಸಿ. ಟೇಬಲ್ (ಹಲವು ಮೌಲ್ಯಗಳನ್ನು ಒಟ್ಟಿಗೆ ಹಿಡಿದಿಡುವ ರಚನೆ) ಕಟ್ಟುವಾಗ, ರಿಟರ್ನ್ ಸಾಲಿನಲ್ಲಿ, ಒಂದೇ ಸಾಲಿನಲ್ಲಿ ಹಲವು ವೇರಿಯಬಲ್‌ಗಳಿಗೆ ಬೆಲೆ ಕೊಡುವಾಗಲೂ ಇದೇ ನಿಯಮ.

ಈ ನಿಯಮಕ್ಕೆ ಒಳ್ಳೆಯ ಕಾರಣವಿದೆಯೆಂದೇ ನಾನು ಭಾವಿಸುತ್ತೇನೆ. ಒಂದು ಫಂಕ್ಷನ್ ಎಷ್ಟು ಮೌಲ್ಯ ಕೊಡುತ್ತದೆ ಎಂಬುದು ಅದು ಓಡಿದ ಮೇಲಷ್ಟೇ ತಿಳಿಯುವುದರಿಂದ, ನಡುವಿನ ಕರೆಗಳೂ ಹರಡಿಕೊಳ್ಳುವಂತಿದ್ದರೆ ನಂತರದ ಆರ್ಗ್ಯುಮೆಂಟ್‌ಗಳು ಎಷ್ಟನೆಯ ಜಾಗಕ್ಕೆ ಬೀಳುತ್ತವೆ ಎಂದು ಕೋಡ್ ಓದುವವರು ಹೇಳಲಾಗುತ್ತಿರಲಿಲ್ಲ.

ನಿಮ್ಮ ಸಂದರ್ಭದಲ್ಲಿ ಪರಿಹಾರ ಸರಳ. ಮೊದಲ ಫಂಕ್ಷನ್ ಯಾವಾಗಲೂ ಎರಡೇ ಮೌಲ್ಯ ಕೊಡುವುದರಿಂದ ಅವಕ್ಕೆ ಹೆಸರು ಕೊಡಿ:

ಲೋಕಲ್ ಎಕ್ಸ್, ವೈ = ಸ್ಥಾನ()
ಚಿತ್ರಿಸು(ಎಕ್ಸ್, ವೈ, ಅಳತೆ())

ಮೌಲ್ಯಗಳ ಸಂಖ್ಯೆ ಮೊದಲೇ ಗೊತ್ತಿಲ್ಲದಿದ್ದರೆ ಟೇಬಲ್.ಪ್ಯಾಕ್ ಬೇಕಾಗುತ್ತದೆ. ಎರಡೂ ಕರೆಗಳ ಫಲವನ್ನು ಬೇರೆ ಬೇರೆ ಟೇಬಲ್‌ಗಳಲ್ಲಿ ಹಿಡಿದು, ಎರಡನೆಯದನ್ನು ಟೇಬಲ್.ಮೂವ್ ಬಳಸಿ ಮೊದಲನೆಯದರ ಕೊನೆಗೆ ಸೇರಿಸಿ, ಆ ಬಳಿಕ ಟೇಬಲ್.ಅನ್‌ಪ್ಯಾಕ್ ಮೂಲಕ ಬಿಡಿಸಿ ಕೊಡಬೇಕು:

ಲೋಕಲ್ ಅ = ಟೇಬಲ್.ಪ್ಯಾಕ್(ಸ್ಥಾನ())
ಲೋಕಲ್ ಬ = ಟೇಬಲ್.ಪ್ಯಾಕ್(ಅಳತೆ())
ಟೇಬಲ್.ಮೂವ್(ಬ, 1, ಬ.ಎನ್, ಅ.ಎನ್ + 1, ಅ)
ಚಿತ್ರಿಸು(ಟೇಬಲ್.ಅನ್‌ಪ್ಯಾಕ್(ಅ, 1, ಅ.ಎನ್ + ಬ.ಎನ್))

ಇಲ್ಲಿ ಉದ್ದವನ್ನು # ಚಿಹ್ನೆಯಿಂದ ಕೇಳದೆ ಟೇಬಲ್.ಪ್ಯಾಕ್ ಎಣಿಕೆಯನ್ನು ಬರೆದಿಡುವ ಎನ್ ಎಂಬ ಫೀಲ್ಡ್‌ನಿಂದ ತೆಗೆದುಕೊಂಡಿರುವುದು ಬೇಕೆಂದೇ. ಮೌಲ್ಯಗಳ ನಡುವೆ ನಿಲ್ ಇದ್ದರೆ # ಹೇಳುವ ಉದ್ದವನ್ನು ನಂಬುವಂತಿಲ್ಲ. ಎನ್ ಮಾತ್ರ ನಿಲ್‌ಗಳನ್ನೂ ಸೇರಿಸಿ ಎಣಿಸಿರುತ್ತದೆ.

ಕೊನೆಯ ಕರೆ ಎಲ್ಲ ಮೌಲ್ಯಗಳನ್ನೂ ಕೊಡುವ ಈ ನಿಯಮದ ಇನ್ನೊಂದು ಮಗ್ಗುಲು ಹೆಚ್ಚು ಅಪಾಯಕಾರಿ, ಏಕೆಂದರೆ ಅಲ್ಲಿ ಎರರ್ ಬರದೆಯೂ ಉತ್ತರ ತಪ್ಪಾಗಬಹುದು. "1,010,101" ಎಂಬ ಪಠ್ಯದಿಂದ ಅಲ್ಪವಿರಾಮಗಳನ್ನು ತೆಗೆದು ಸಂಖ್ಯೆಯಾಗಿಸಲು ಹಲವರು ಹೀಗೆ ಬರೆಯುತ್ತಾರೆ:

ಟುನಂಬರ್(ಸ್ಟ್ರಿಂಗ್.ಜಿಸಬ್(ಪಠ್ಯ, ",", ""))

ಪಠ್ಯದ ಒಂದು ಭಾಗದ ಜಾಗದಲ್ಲಿ ಇನ್ನೊಂದನ್ನು ಇಡುವ ಜಿಸಬ್, ಬದಲಾದ ಪಠ್ಯದ ಜೊತೆಗೆ ಎಷ್ಟು ಬದಲಾವಣೆಗಳಾದವು ಎಂಬ ಎಣಿಕೆಯನ್ನೂ ಕೊಡುತ್ತದೆ. ಇಲ್ಲಿ ಅದು 2. ಕೊನೆಯ ಕರೆಯಾದ್ದರಿಂದ ಎರಡೂ ಮೌಲ್ಯಗಳು ಟುನಂಬರ್‌ಗೆ ಸೇರುತ್ತವೆ, ಅದು ಎರಡನೆಯದನ್ನು ಸಂಖ್ಯಾಪದ್ಧತಿಯ ಆಧಾರವೆಂದು ತಿಳಿದು ಪಠ್ಯವನ್ನು ಬೈನರಿಯಾಗಿ ಓದುತ್ತದೆ, ಹತ್ತು ಲಕ್ಷ ದಾಟಿದ ಸಂಖ್ಯೆ ಸದ್ದಿಲ್ಲದೆ 85 ಆಗುತ್ತದೆ. ಪಠ್ಯ "1,234" ಆಗಿದ್ದರೆ ಆಧಾರ 1 ಆಗಿ, 2ರಿಂದ 36ರ ಮಿತಿಯ ಹೊರಗಿದೆ ಎಂಬ ಎರರ್ ಬರುತ್ತಿತ್ತು, ಅದೇ ವಾಸಿ. ಜಿಸಬ್ ಕರೆಯನ್ನು ಇನ್ನೊಂದು ಜೊತೆ ಕಂಸದೊಳಗೆ ಇಟ್ಟರೆ ಮೊದಲ ಮೌಲ್ಯ ಮಾತ್ರ ಉಳಿಯುತ್ತದೆ:

ಟುನಂಬರ್((ಸ್ಟ್ರಿಂಗ್.ಜಿಸಬ್(ಪಠ್ಯ, ",", "")))

ಬೇರೆ ಭಾಷೆಗಳಿಂದ ಬಂದವರು ಈ ಕಂಸಗಳನ್ನು ಅನಗತ್ಯವೆಂದು ಅಳಿಸಿಬಿಡುವುದುಂಟು, ಆದ್ದರಿಂದ ಪಕ್ಕದಲ್ಲಿ ಒಂದು ಕಾಮೆಂಟ್ ಬರೆದಿಡಿ.

ಟೇಬಲ್.ಪ್ಯಾಕ್ ಮತ್ತು ಟೇಬಲ್.ಅನ್‌ಪ್ಯಾಕ್ ಲುವಾ 5.2ರಿಂದ, ಟೇಬಲ್.ಮೂವ್ 5.3ರಿಂದ ದೊರೆಯುತ್ತವೆ. ನೀವು 5.1 ಬಳಸುತ್ತಿದ್ದರೆ ಅಲ್ಲಿ ಬರಿಯ ಅನ್‌ಪ್ಯಾಕ್ ಇದೆ, ಮೌಲ್ಯಗಳ ಎಣಿಕೆಯನ್ನು ಸೆಲೆಕ್ಟ್('#',...) ಮೂಲಕ ಪಡೆದು, ಸೇರಿಸುವ ಕೆಲಸಕ್ಕೆ ಒಂದು ಫಾರ್ ಲೂಪ್ ಬರೆದುಕೊಳ್ಳಬೇಕು.