ಎರಡು ಲ್ಯಾಬ್‌ಗಳಲ್ಲಿ ಟಿಎಸ್‌ಎಚ್ ಬೇರೆ ಬೇರೆ ಬಂದಿದೆ, ಯಾವುದನ್ನು ನಂಬಲಿ?

ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್; ಥೈರಾಯ್ಡ್ ಕುಂದಿದರೆ ಇದು ಏರುತ್ತದೆ, ಮಿತಿಮೀರಿದರೆ ಇಳಿಯುತ್ತದೆ) ಬೆಳಿಗ್ಗೆ ಒಂದು ಲ್ಯಾಬ್‌ನಲ್ಲಿ 6.9, ಮರುವಾರ ಮಧ್ಯಾಹ್ನ ಇನ್ನೊಂದರಲ್ಲಿ 4.8, ಥೈರಾಯ್ಡ್ ಕೊರತೆ ತುಂಬುವ ಥೈರಾಕ್ಸಿನ್ ಮಾತ್ರೆ ನಡೆಯುತ್ತಿದೆ, ಕೂದಲು ಮಾತ್ರ ಉದುರುತ್ತಲೇ ಇದೆ ಎಂದು ಬರೆದಿದ್ದೀರಿ. ನಾನು ತಡೆದು ನಿಂತದ್ದು ಕೂದಲಿನ ಮಾತಿನಲ್ಲಿ. ಅದಕ್ಕೆಂದು ಬೇರೆ ಏನಾದರೂ ನುಂಗುತ್ತಿದ್ದೀರಾ? ನಾನು ನುಂಗುತ್ತಿದ್ದೆ.

ಆಗ ನನ್ನ ಥೈರಾಕ್ಸಿನ್ ಡೋಸ್ 100 ಮೈಕ್ರೋಗ್ರಾಂ, ಟಿಎಸ್‌ಎಚ್ ಹದದಲ್ಲಿತ್ತು. ಬಾಚಣಿಗೆ ತುಂಬ ಕೂದಲು ಬರುವುದನ್ನು ನೋಡಲಾರದೆ ಔಷಧಿ ಅಂಗಡಿಯಿಂದ ಬಯೋಟಿನ್ ತಂದೆ, ದಿನಕ್ಕೆ 10 ಮಿಲಿಗ್ರಾಂ. ವಿಟಮಿನ್ ತಾನೇ ಎಂದುಕೊಂಡು ವೈದ್ಯರಿಗೆ ಹೇಳಲಿಲ್ಲ. ಮುಂದಿನ ರಿಪೋರ್ಟಿನಲ್ಲಿ ಟಿಎಸ್‌ಎಚ್ ನೆಲಕಚ್ಚಿತ್ತು, ಫ್ರೀ ಟಿ4, ಅಂದರೆ ರಕ್ತದಲ್ಲಿ ಬಿಡಿಯಾಗಿರುವ ಥೈರಾಕ್ಸಿನ್, ಮಿತಿ ದಾಟಿತ್ತು. ಆ ಕಾಗದ ನೋಡಿದವರು ಯಾರಾದರೂ ಥೈರಾಕ್ಸಿನ್ ಹೆಚ್ಚಾಗಿದೆ ಎಂದೇ ಹೇಳುತ್ತಿದ್ದರು. ಡೋಸ್ 50ಕ್ಕೆ ಇಳಿಯಿತು.

ಅಲ್ಲಿಂದ ನಾನು ಕುಗ್ಗುತ್ತಾ ಹೋದೆ. ಬೆಳಿಗ್ಗೆ ಎದ್ದರೆ ಮುಖ ಊದಿರುತ್ತಿತ್ತು, ದನಿ ದಪ್ಪವಾಯಿತು, ಮಲಬದ್ಧತೆ ಬಿಡಲಿಲ್ಲ, ದಾವಣಗೆರೆಯ ಬೇಸಿಗೆಯಲ್ಲಿ ಹೊದ್ದು ಮಲಗುತ್ತಿದ್ದೆ. ಮತ್ತೆ ರಕ್ತ ಕೊಟ್ಟರೂ ಟಿಎಸ್‌ಎಚ್ ಕಡಿಮೆ ಎಂದೇ ಬಂತು. ಬೆಂಗಳೂರಿನ ಅಣ್ಣನ ಮನೆಗೆ ಹೋದಾಗ ಬೇರೆ ಲ್ಯಾಬ್‌ನಲ್ಲಿ ಮಾಡಿಸಿದರೆ 30 ದಾಟಿತ್ತು! ಯಾವ ಲ್ಯಾಬ್ ಸುಳ್ಳು ಹೇಳುತ್ತಿದೆ ಎಂದು ನಾನೂ ನಿಮ್ಮಂತೆಯೇ ಕೇಳಿದೆ. ಅಲ್ಲಿನ ವೈದ್ಯೆ ಅದಕ್ಕೆ ಉತ್ತರಿಸದೆ, ಕೂದಲಿಗೆ, ಉಗುರಿಗೆ ಎಂದು ಏನು ತೆಗೆದುಕೊಳ್ಳುತ್ತೀರಿ ಎಂದು ವಿಚಾರಿಸಿದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ಬಯೋಟಿನ್ ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನಿಗೆ ಬಲವಾಗಿ ಅಂಟಿಕೊಳ್ಳುತ್ತದೆ. ಅನೇಕ ಪರೀಕ್ಷಾ ಯಂತ್ರಗಳು ಈ ಅಂಟನ್ನೇ ಬಳಸಿ ಹಾರ್ಮೋನ್ ಅಳೆಯುತ್ತವೆ. ಟಿಎಸ್‌ಎಚ್ ಅನ್ನು ಹಿಡಿದ ಪ್ರತಿಕಾಯ (ಆಂಟಿಬಾಡಿ) ಬಯೋಟಿನ್ ಮೂಲಕ ಸ್ಟ್ರೆಪ್ಟಾವಿಡಿನ್ ಲೇಪಿಸಿದ ಕಣಗಳ ಮೇಲೆ ಕೂರಬೇಕು. ಆದರೆ ನಾವು ನುಂಗಿದ ಬಯೋಟಿನ್, ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಎಸೆದವರ ಹಾಗೆ, ಆ ಜಾಗಗಳನ್ನು ಮೊದಲೇ ಹಿಡಿದಿರುತ್ತದೆ. ಕೂರಲು ಎಡೆಯಿಲ್ಲದ ಟಿಎಸ್‌ಎಚ್ ತೊಳೆದುಹೋಗುತ್ತದೆ, ಸಂಕೇತ ಕ್ಷೀಣಿಸುತ್ತದೆ, ಯಂತ್ರ ಕಡಿಮೆ ಎಂದು ಬರೆಯುತ್ತದೆ. ಫ್ರೀ ಟಿ4 ಪರೀಕ್ಷೆಯ ಲೆಕ್ಕ ತಿರುವುಮುರುವು: ಸಂಕೇತ ಕ್ಷೀಣಿಸಿದಷ್ಟೂ ಹಾರ್ಮೋನ್ ಹೆಚ್ಚು ಎಂದರ್ಥ. ಹೀಗೆ ಎರಡೂ ತಪ್ಪುಗಳು ಒಂದಕ್ಕೊಂದು ಸಾಕ್ಷಿ ಹೇಳಿ, ಥೈರಾಯ್ಡ್ ಕುಂದಿದವಳನ್ನು ಅದು ಮಿತಿಮೀರಿದವಳಂತೆ ತೋರಿಸಿದವು. ಬೆಂಗಳೂರಿನ ಲ್ಯಾಬ್‌ನ ವಿಧಾನದಲ್ಲಿ ಈ ಬಯೋಟಿನ್-ಸ್ಟ್ರೆಪ್ಟಾವಿಡಿನ್ ಜೋಡಿ ಇರಲಿಲ್ಲ, ಅಷ್ಟೇ. ವಯಸ್ಕರಿಗೆ ದಿನಕ್ಕೆ ಬೇಕಾದ ಬಯೋಟಿನ್ ಸುಮಾರು 30 ಮೈಕ್ರೋಗ್ರಾಂ. ನಾನು ನುಂಗುತ್ತಿದ್ದದ್ದು 10,000. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಸಿತ್ತು. ಮಾತ್ರೆಯ ಡಬ್ಬಿಯ ಮೇಲೆ ಮಾತ್ರ ಹೊಳೆಯುವ ಜಡೆಯ ಚಿತ್ರವಿತ್ತು.

ಆದ್ದರಿಂದ ಯಾವ ಲ್ಯಾಬ್ ಎನ್ನುವ ಪ್ರಶ್ನೆಯನ್ನು ಬಿಟ್ಟುಬಿಡಿ, ಎರಡೂ ಸರಿಯಾಗಿಯೇ ಅಳೆದಿರಬಹುದು. ಟಿಎಸ್‌ಎಚ್ ರಾತ್ರಿಯಿಂದ ಬೆಳಗಿನ ಜಾವದವರೆಗೆ ಏರಿರುತ್ತದೆ, ಮಧ್ಯಾಹ್ನ ತಗ್ಗುತ್ತದೆ. ಯಂತ್ರದಿಂದ ಯಂತ್ರಕ್ಕೂ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ. ಒಂದೇ ಲ್ಯಾಬ್ ಹಿಡಿಯಿರಿ, ಬೆಳಗಿನ ಒಂದೇ ಹೊತ್ತಿಗೆ ಹೋಗಿ, ಅಂದಿನ ಥೈರಾಕ್ಸಿನ್ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ತೆಗೆದುಕೊಳ್ಳಿ. ಬಯೋಟಿನ್ ಇದ್ದರೆ ಕನಿಷ್ಠ ಎರಡು ದಿನ ಮೊದಲೇ ನಿಲ್ಲಿಸಿ. ದೊಡ್ಡ ಡೋಸ್ ಆಗಿದ್ದರೆ ಇನ್ನೆಷ್ಟು ದಿನ ಬಿಡಬೇಕೆಂದು ವೈದ್ಯರನ್ನು ಕೇಳಿ. ನನ್ನನ್ನು ಕೇಳಿದರೆ ಅದನ್ನು ಪೂರ್ತಿ ಬಿಡುವುದೇ ವಾಸಿ. ಕೊರತೆ ಇಲ್ಲದವರಿಗೆ ಅದರಿಂದ ಕೂದಲು ಬೆಳೆಯುತ್ತದೆ ಎನ್ನಲು ಗಟ್ಟಿ ಪುರಾವೆಯಿಲ್ಲ. ಬದಲಿಗೆ ದೇಹದ ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ ನೋಡಿಸಿ. ಕಬ್ಬಿಣದ ಮಾತ್ರೆ ಶುರುವಾದರೆ ಅದಕ್ಕೂ ಥೈರಾಕ್ಸಿನ್‌ಗೂ ನಾಲ್ಕು ಗಂಟೆ ಅಂತರವಿರಲಿ.

ಹದಿನೈದು ದಿನಕ್ಕೊಮ್ಮೆ ಪರೀಕ್ಷೆ ಮಾಡಿಸುವುದು ವ್ಯರ್ಥ. ಥೈರಾಕ್ಸಿನ್ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ಡೋಸ್ ಬದಲಾದರೆ ಟಿಎಸ್‌ಎಚ್ ಸ್ರವಿಸುವ ಪಿಟ್ಯುಟರಿ ಗ್ರಂಥಿ ಅದಕ್ಕೆ ಹೊಂದಿಕೊಂಡು ಟಿಎಸ್‌ಎಚ್ ಒಂದು ಮಟ್ಟದಲ್ಲಿ ನಿಲ್ಲುವುದಕ್ಕೆ ಆರರಿಂದ ಎಂಟು ವಾರ ಹಿಡಿಯುತ್ತದೆ. ಆ ಬಳಿಕ ಟಿಎಸ್‌ಎಚ್, ಜೊತೆಗೆ ಫ್ರೀ ಟಿ4 ಸಾಕು. ದೇಹವೇ ಥೈರಾಯ್ಡ್ ಮೇಲೆ ದಾಳಿ ಮಾಡುತ್ತಿದೆಯೇ ಎಂದು ನೋಡುವ ಆಂಟಿ ಟಿಪಿಒ ಪರೀಕ್ಷೆ ಒಮ್ಮೆ ಪಾಸಿಟಿವ್ ಬಂದರೆ ಅದನ್ನು ಪ್ರತಿ ಸಲ ಮಾಡಿಸಿ ಹಣ ಕಳೆಯಬೇಡಿ.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ ಒಂದು ವಿಷಯ: ನೀವು ಗರ್ಭಿಣಿಯಾಗಿದ್ದರೆ, ಅಥವಾ ಮಗುವಿಗಾಗಿ ಕಾಯುತ್ತಿದ್ದರೆ, ಈ ವಾರಗಟ್ಟಲೆಯ ಲೆಕ್ಕ ನಿಮಗಲ್ಲ. 6.9 ಬಂದ ಆ ಕಾಗದ ಹಿಡಿದು ನಾಳೆಯೇ ವೈದ್ಯರ ಬಳಿ ಹೋಗಿ.