ಮೂರು ನಿಮಿಷದ ಮಾತು ಮತ್ತು ಒಂದು ಪುಟದ ಬರಹ

ನಿಮ್ಮ ಪತ್ರ ಓದಿ ಮುಗಿಸುವಷ್ಟರಲ್ಲಿ ನನಗೆ ಸಿಟ್ಟು ಬಂದಿತ್ತು. ಆದರೆ ಅದು ನಿಮ್ಮ ಗೆಳತಿಯ ಮೇಲೆ ಬಂದ ಸಿಟ್ಟಲ್ಲ.

ಇತರ ಓದುಗರಿಗಾಗಿ ಸಂಗತಿಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಕಚೇರಿಯ ಟೀಮ್ ಬಿಲ್ಡಿಂಗ್ ದಿನ ಐದೈದು ಜನರ ತಂಡ ಮಾಡಿ, ಪ್ರತಿ ತಂಡದಿಂದಲೂ ಎರಡು ಚೀಟಿ ಎತ್ತಿಸಿದರು. ಒಂದರಲ್ಲಿ ವಸ್ತುವಿನ ಹೆಸರು, ಇನ್ನೊಂದರಲ್ಲಿ ಗ್ರಾಹಕರು ಯಾರು ಎಂಬುದು. ನಿಮಗೆ ಬಂದದ್ದು ಡ್ರಿಲ್ಲಿಂಗ್ ಯಂತ್ರ ಮತ್ತು ಹೊಸದಾಗಿ ಬಾಡಿಗೆ ಮನೆಗೆ ಬಂದವರು. ಇಪ್ಪತ್ತು ನಿಮಿಷದಲ್ಲಿ ಒಂದು ವ್ಯಾಪಾರ ಯೋಜನೆ ಹೊಸೆದು, ಮೂರು ನಿಮಿಷದಲ್ಲಿ ಮಂಡಿಸಿ, ಹೂಡಿಕೆದಾರರ ಪಾತ್ರದಲ್ಲಿ ಕುಳಿತ ಹಿರಿಯ ಅಧಿಕಾರಿಗಳಿಂದ ಆಟದ ನೋಟುಗಳನ್ನು ಗೆಲ್ಲಬೇಕಿತ್ತು. ಅಪರೂಪಕ್ಕೊಮ್ಮೆ ಬಳಸುವ ಇಂಥ ಉಪಕರಣಗಳನ್ನು ಒಂದೇ ಅಪಾರ್ಟ್‌ಮೆಂಟಿನವರು ಪರಸ್ಪರ ಬಾಡಿಗೆಗೆ ಕೊಡುವ ವ್ಯವಸ್ಥೆ ಮಾಡಬಹುದೆಂದು ಸೂಚಿಸಿದವರು ನೀವು. ತಂಡದಲ್ಲೇ ಇದ್ದ ನಿಮ್ಮ ಗೆಳತಿ ಅದನ್ನು 'ನನಗೆ ಹೊಳೆದ ಒಂದು ಯೋಚನೆ' ಎಂದೇ ಆರಂಭಿಸಿ ಸೊಗಸಾಗಿ ಮಂಡಿಸಿದರು, ತಂಡ ಗೆದ್ದಿತು. ಅಲ್ಲಿಗೇ ಮುಗಿದಿದ್ದರೆ ನೀವು ಈ ಪತ್ರ ಬರೆಯುತ್ತಿರಲಿಲ್ಲ. ಮರುವಾರ ಮ್ಯಾನೇಜರ್ ಅದೇ ಯೋಜನೆಯನ್ನು ನಿಜವಾಗಿಯೇ ಪರಿಶೀಲಿಸಲು ಒಂದು ಸಣ್ಣ ಗುಂಪು ಮಾಡಿ, ನಿಮ್ಮ ಗೆಳತಿಗೆ ಅದರ ಹೊಣೆ ವಹಿಸಿದರು. ಆ ಗುಂಪಿನಲ್ಲಿ ನಿಮ್ಮ ಹೆಸರೇ ಇಲ್ಲ. ಬಾಯಿ ಬಿಟ್ಟು ಸ್ನೇಹ ಕಳೆದುಕೊಳ್ಳಲೇ, ಸುಮ್ಮನಿದ್ದು ಒಳಗೊಳಗೇ ಕುದಿಯಲೇ, ಕಾನೂನಿನಲ್ಲಿ ಏನಾದರೂ ದಾರಿ ಇದೆಯೇ ಎಂದು ಕೇಳಿದ್ದೀರಿ.

ಕಾನೂನಿನ ಮಾತನ್ನು ಮೊದಲು ಮುಗಿಸೋಣ. ಕೃತಿಸ್ವಾಮ್ಯ ಸಿಗುವುದು ಅಭಿವ್ಯಕ್ತಿಗೆ, ಬರಿಯ ಯೋಚನೆಗಲ್ಲ. ಬೌದ್ಧಿಕ ಆಸ್ತಿಯ ಹಕ್ಕುಗಳ ಕುರಿತ ಅಂತರರಾಷ್ಟ್ರೀಯ ಒಪ್ಪಂದವಾದ 1994ರ ಟ್ರಿಪ್ಸ್‌ನ 9ನೇ ವಿಧಿಯೂ ಇದನ್ನೇ ಹೇಳುತ್ತದೆ. ಅದರ ಮೇಲೆ, ಉದ್ಯೋಗಿಗಳು ಕೆಲಸದಲ್ಲಿ ರೂಪಿಸಿದ್ದು ಸಂಸ್ಥೆಗೇ ಸೇರುತ್ತದೆ ಎಂಬ ಷರತ್ತು ಅನೇಕ ನೇಮಕಾತಿ ಕರಾರುಗಳಲ್ಲಿ ಇರುತ್ತದೆ. ಆ ದಾರಿಯನ್ನು ಮರೆತುಬಿಡಿ.

ಈಗ ನೀವು ಆವರಣ ಚಿಹ್ನೆಯೊಳಗೆ ಹಾಕಿ ದಾಟಿಹೋದ ಸಾಲಿಗೆ ಬರುತ್ತೇನೆ. ಮಂಡನೆ ಮುಗಿದ ಮೇಲೆ ತೀರ್ಪುಗಾರರೊಬ್ಬರು, ಬಾಡಿಗೆಗೆ ಹೋದ ಯಂತ್ರ ಕೆಟ್ಟು ಹಿಂದಿರುಗಿದರೆ ನಷ್ಟ ಯಾರದೆಂದು ಕೇಳಿದರು. ಗೆಳತಿ ಉತ್ತರಿಸದೆ ನಿಮ್ಮ ಕಡೆ ತಿರುಗಿ ನೋಡಿದರು. ಕೊಡುವಾಗಲೂ ಮರಳಿ ಪಡೆಯುವಾಗಲೂ ಫೋಟೊ ತೆಗೆಯುವುದು, ಮುಂಗಡ ಇರಿಸಿಕೊಳ್ಳುವುದು, ಪ್ರತಿ ಬಾಡಿಗೆಯಿಂದ ಒಂದಿಷ್ಟನ್ನು ದುರಸ್ತಿ ನಿಧಿಗೆ ತೆಗೆದಿಡುವುದು ಎಂದು ನೀವು ಕುಳಿತಲ್ಲಿಂದಲೇ ಹೇಳಿದಿರಿ. ಇಷ್ಟನ್ನು ಬರೆದು, 'ಅದೇನೂ ದೊಡ್ಡದಲ್ಲ' ಎಂದು ಬೇರೆ ಸೇರಿಸಿದ್ದೀರಿ. ನನಗೆ ಇಡೀ ಪತ್ರದಲ್ಲಿ ದೊಡ್ಡದಾಗಿ ಕಂಡದ್ದು ಅದೊಂದೇ. ಉಪಕರಣ ಬಾಡಿಗೆಗೆ ಕೊಡೋಣವೆಂಬುದು ಹತ್ತು ಜನಕ್ಕೆ ಹೊಳೆಯಬಹುದು. ವ್ಯವಹಾರ ಉಳಿಯುವುದು ಅಥವಾ ಮುಳುಗುವುದು ಆ ನಷ್ಟದ ಪ್ರಶ್ನೆಯಲ್ಲಿ, ಅದಕ್ಕೆ ಉತ್ತರವಿದ್ದದ್ದು ನಿಮ್ಮ ಬಳಿ. ಇಡೀ ಸಭೆ ಅದನ್ನು ಕೇಳಿದೆ. ಯಾರೂ ಕಾಣದಂತೆ ನಿಮಗೆ ಅನ್ಯಾಯವಾಯಿತೆಂದು ನೀವು ಬರೆದಿದ್ದೀರಿ, ಆದರೆ ಎಲ್ಲರೂ ಕಂಡದ್ದನ್ನು ನೀವೇ ಲೆಕ್ಕಕ್ಕೆ ಹಿಡಿದಿಲ್ಲ.

ಗೆಳತಿಯ ವಿಷಯದಲ್ಲಿ ನಾನು ನಿಮ್ಮಷ್ಟು ಕಠಿಣವಾಗಲಾರೆ. ಗುಂಪಿನಲ್ಲಿ ಸರದಿಯಂತೆ ಉದಾಹರಣೆಗಳನ್ನು ಹೇಳಿಸಿ, ಆಮೇಲೆ 'ನೀವು ಹೇಳಿದ್ದನ್ನು ಮಾತ್ರ ನೆನಪಿಸಿಕೊಳ್ಳಿ' ಎಂದರೆ, ಕೆಲವರು ಇತರರು ಹೇಳಿದ್ದನ್ನೂ ಪ್ರಾಮಾಣಿಕವಾಗಿಯೇ ತಮ್ಮದೆಂದು ಹೇಳುತ್ತಾರೆ. ಮನಶ್ಶಾಸ್ತ್ರಜ್ಞರಾದ ಬ್ರೌನ್ ಮತ್ತು ಮರ್ಫಿ 1989ರಲ್ಲೇ ಇದನ್ನು ಪ್ರಯೋಗದಲ್ಲಿ ತೋರಿಸಿದ್ದಾರೆ. ಇದು ನಿಮಗೂ ಅನ್ವಯಿಸೀತು. ಮನೆಗೆಲಸದಂಥ ಕೆಲಸಗಳಲ್ಲಿ ತಮ್ಮ ಪಾಲು ಎಷ್ಟೆಂದು ಗಂಡ ಹೆಂಡತಿಯರನ್ನು ಬೇರೆ ಬೇರೆಯಾಗಿ ಕೇಳಿದಾಗ, ಬಹುಪಾಲು ಜೋಡಿಗಳಲ್ಲಿ ಇಬ್ಬರೂ ಹೇಳಿದ್ದನ್ನು ಕೂಡಿಸಿದರೆ ಅದು ಪೂರ್ತಿ ಕೆಲಸಕ್ಕಿಂತ ಹೆಚ್ಚಾಗುತ್ತಿತ್ತೆಂದು ರಾಸ್ ಮತ್ತು ಸಿಕೊಲಿ 1979ರಲ್ಲಿ ಕಂಡುಕೊಂಡರು. ಬಾಡಿಗೆಯನ್ನು ದಿನದ ಬದಲು ಗಂಟೆಯ ಲೆಕ್ಕದಲ್ಲಿ ಇಡಬೇಕೆಂದು ಸೂಚಿಸಿದ್ದು ಗೆಳತಿಯೇ ಎಂದು ನಿಮ್ಮ ಪತ್ರದಲ್ಲೇ ಇದೆ. ನೀವಾದರೂ ಈ ದಿನಗಳಲ್ಲಿ ಮೂವರು ಸಹೋದ್ಯೋಗಿಗಳ ಮುಂದೆ ದುಃಖ ತೋಡಿಕೊಂಡಿದ್ದೀರಿ, ಆಕೆಯ ಮುಂದೆ ಮಾತ್ರ ಒಂದು ಮಾತೂ ಆಡಿಲ್ಲ. ಇದು ನನಗೆ ಸರಿ ಕಾಣಲಿಲ್ಲ.

ನನ್ನ ಸಿಟ್ಟೆಲ್ಲ ಆ ಮ್ಯಾನೇಜರ್ ಮೇಲೆ. ಹೂಡಿಕೆದಾರರ ಮುಂದೆ ನಿಂತು ಯೋಜನೆ ಮಂಡಿಸುವ ಈ ಆಟದ ಮಾದರಿ ಟಿವಿಯದು. 2001ರಲ್ಲಿ ಜಪಾನಿನಲ್ಲಿ ಆರಂಭವಾದ ಕಾರ್ಯಕ್ರಮವೇ 2005ರಲ್ಲಿ ಬ್ರಿಟನ್ನಿನಲ್ಲಿ 'ಡ್ರ್ಯಾಗನ್ಸ್ ಡೆನ್' ಆಯಿತು, 2009ರಲ್ಲಿ ಅಮೆರಿಕದಲ್ಲಿ 'ಶಾರ್ಕ್ ಟ್ಯಾಂಕ್' ಆಯಿತು. ಅಲ್ಲಿ ಮಾತನಾಡುವವರು ಸಾಮಾನ್ಯವಾಗಿ ಆ ವ್ಯಾಪಾರವನ್ನು ಕಟ್ಟಿದವರೇ ಆಗಿರುತ್ತಾರೆ. ಕ್ಯಾಮೆರಾದ ಮುಂದೆ ಕೈಕುಲುಕಿದ ಮೇಲೂ ಲೆಕ್ಕಪತ್ರಗಳ ಪರಿಶೀಲನೆ ನಡೆಯುತ್ತದೆ, ಎಷ್ಟೋ ಒಪ್ಪಂದಗಳು ಆ ಹಂತದಲ್ಲೇ ಬಿದ್ದುಹೋಗುತ್ತವೆ. ನಿಮ್ಮ ಕಚೇರಿ ಕುರ್ಚಿಗಳನ್ನೂ ಗಡಿಯಾರವನ್ನೂ ನಕಲು ಮಾಡಿ, ಪರಿಶೀಲನೆಯನ್ನು ಮಾತ್ರ ಕೈಬಿಟ್ಟಿತು. ಮೂರು ನಿಮಿಷ ಚೆನ್ನಾಗಿ ಮಾತನಾಡಿದವರಿಗೆ ಆಟದ ನೋಟು ಕೊಡುವುದರಲ್ಲಿ ತಪ್ಪೇನಿಲ್ಲ. ತಿಂಗಳುಗಟ್ಟಲೆಯ ಕೆಲಸವನ್ನೂ ಅದೇ ಅಳತೆಯಲ್ಲಿ ಹಂಚುವ ಮುನ್ನ 'ಇದನ್ನು ಮೊದಲು ಯೋಚಿಸಿದವರು ಯಾರು' ಎಂದು ತಂಡವನ್ನು ಒಂದು ಸಲ ಕೇಳುವ ವ್ಯವಧಾನ ಅವರಿಗಿರಬೇಕಿತ್ತು.

ಆಟ ನಡೆಸಿದವರಿಗೂ ಒಂದು ಮಾತು, ಅಂಕಣದ ಹಳೆಯ ಓದುಗರು ಮತ್ತೆ ಅದೇ ರಾಗವೆಂದು ನಕ್ಕರೂ ಸರಿಯೇ. ಗುಂಪಾಗಿ ಕುಳಿತು ಯೋಚಿಸುವವರಿಗಿಂತ, ಅಷ್ಟೇ ಜನ ಒಬ್ಬೊಬ್ಬರಾಗಿ ಯೋಚಿಸಿ ಒಟ್ಟುಗೂಡಿಸಿದಾಗ ಹೆಚ್ಚು ವಿಚಾರಗಳು ಬರುತ್ತವೆಂದು ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 1958ರಲ್ಲೇ ಪ್ರಕಟಿಸಿದ್ದರು. ಒಬ್ಬರು ಮಾತನಾಡುವಾಗ ಉಳಿದವರು ಕಾಯಬೇಕಾಗುವುದು ಇದಕ್ಕೆ ಮುಖ್ಯ ಕಾರಣವೆಂದು 1987ರಲ್ಲಿ ಡೀಲ್ ಮತ್ತು ಸ್ಟ್ರೋಬೆ ವಿವರಿಸಿದರು. ಇಪ್ಪತ್ತು ನಿಮಿಷಗಳಲ್ಲಿ ಮೊದಲ ಐದನ್ನು ಎಲ್ಲರೂ ಮೌನವಾಗಿ ಬರೆಯಲು ಬಿಟ್ಟಿದ್ದರೆ ವಿಚಾರಗಳೂ ಹೆಚ್ಚುತ್ತಿದ್ದವು, ನಿಮ್ಮ ಕೈಬರಹದ ಹಾಳೆಯೊಂದು ಆ ಮೇಜಿನ ಮೇಲೆ ಉಳಿಯುತ್ತಿತ್ತು.

ಆಗ ಬರೆಯದೇ ಹೋದದ್ದನ್ನು ಈಗ ಬರೆಯಿರಿ. ನಾನು ಹೇಳುವುದು ಇದೊಂದೇ. ಒಂದು ಪುಟ ಸಾಕು. ತೀರ್ಪುಗಾರರ ಪ್ರಶ್ನೆ, ನೀವು ಕೊಟ್ಟ ಉತ್ತರ, ಮುಂಗಡ ಎಷ್ಟಿರಬೇಕು, ದುರಸ್ತಿ ನಿಧಿಗೆ ಎಷ್ಟು ಹೋಗಬೇಕು, ಫೋಟೊ ನೋಡಿಯೂ ತಕರಾರು ಎದ್ದರೆ ತೀರ್ಮಾನ ಯಾರದು, ಇವಿಷ್ಟು ಅದರಲ್ಲಿ ಬರಲಿ. ಗಂಟೆಯ ಲೆಕ್ಕದ ಬಾಡಿಗೆ ಗೆಳತಿಯ ಸಲಹೆಯೆಂದು ಹೆಸರು ಹಾಕಿಯೇ ಬರೆಯಿರಿ. ಮೊದಲ ಸಾಲಿನಲ್ಲಿ, ಅಂದು ತಂಡದಲ್ಲಿ ನೀವು ಮುಂದಿಟ್ಟ ಯೋಜನೆಯ ಮುಂದುವರಿದ ಭಾಗ ಇದೆಂದೂ, ಕೊನೆಯ ಸಾಲಿನಲ್ಲಿ ಈ ಗುಂಪಿನಲ್ಲಿ ಕೆಲಸ ಮಾಡಲು ಬಯಸುತ್ತೀರೆಂದೂ ಹೇಳಿ. 'ಕದ್ದರು' ಎಂಬ ಅರ್ಥ ಬರುವ ಒಂದು ಪದವೂ ಅದರಲ್ಲಿರಬಾರದು. ಮೊದಲು ಗೆಳತಿಯ ಕೈಗೆ ಕೊಟ್ಟು ಓದಿಸಿ, ಅದೇ ದಿನ ಮ್ಯಾನೇಜರ್‌ಗೆ ಇಮೇಲ್ ಮಾಡಿ, ಗೆಳತಿಗೂ ಪ್ರತಿ ಇರಲಿ. ಓದಿದ ಮೇಲೆ ಆಕೆ ತಾವಾಗಿಯೇ ನಿಮ್ಮನ್ನು ಗುಂಪಿಗೆ ಕರೆದರೂ ಆ ಇಮೇಲ್ ಹೋಗಲೇಬೇಕು.